ಉಕ್ಕಿನ ಅಂಗಿಯೊಳಗಿನ ಸೆಖೆ

ನನ್ನ ತಲೆಯ ಒಂದಿಷ್ಟು ಕೂದಲು ಇಂಗ್ಲೆಂಡಿನ ಯಾವುದೋ ಕಬ್ಬಿಣದ ಅಂಗಿಯಲ್ಲಿ ಈಗಲೂ ಸಿಕ್ಕಿಕೊಂಡಿರಬೇಕು.

ಕೆಲಸದ ಮೇಲೆ ಎರಡು ವರ್ಷ ಲೀಡ್ಸ್‌ನಲ್ಲಿದ್ದೆ. ಅಲ್ಲಿ ನನ್ನ ಪಕ್ಕದ ಮೇಜಿನವನಿಗೆ ಒಂದು ಹುಚ್ಚು. ಭಾನುವಾರ ಬಂತೆಂದರೆ ಹತ್ತಾರು ಗೆಳೆಯರ ಜೊತೆ ಸೇರಿ, 15ನೇ ಶತಮಾನದ ಯೋಧರ ಹಾಗೆ ತಲೆಯಿಂದ ಕಾಲಿನ ತನಕ ಉಕ್ಕು ತೊಟ್ಟು, ಮೈದಾನದಲ್ಲಿ ಕತ್ತಿ ಬೀಸುವುದು. ನಮ್ಮ ಪುತ್ತೂರಿನ ಕಡೆ ಊರಿಗೊಂದು ಹವ್ಯಾಸಿ ಯಕ್ಷಗಾನ ಸಂಘ ಇರುತ್ತದಲ್ಲ, ಹಾಗೆ. ಸೋಮವಾರ ಆಫೀಸಿಗೆ ಬರುವಾಗ ಮೊಣಕೈ ನೀಲಿಗಟ್ಟಿರುತ್ತಿತ್ತು. ಮುಖದಲ್ಲಿ ಮಾತ್ರ ಮದುವೆ ಊಟ ಮುಗಿಸಿ ಬಂದವನ ಖುಷಿ. ಒಂದು ಭಾನುವಾರ ನನ್ನನ್ನೂ ಕರೆದ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವನು ಹತ್ತು ನಿಮಿಷದಲ್ಲಿ ಉಂಗುರದಂಗಿಯೊಳಗಿದ್ದೆ.

ಉಂಗುರದಂಗಿ ಅಂದರೆ ಸಾವಿರಾರು ಸಣ್ಣ ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಅಂಗಿ. ಹತ್ತಿರ ಹತ್ತಿರ 10 ಕೆಜಿ. ಕೈಯಲ್ಲಿ ಹಿಡಿದರೆ ಅದಕ್ಕೆ ಆಕಾರವೇ ಇಲ್ಲ. ಬೆರಳ ಸಂದಿಯಿಂದ ಕುಚ್ಚಲಕ್ಕಿಯ ಹಾಗೆ ಸುರಿದು ಹೋಗುತ್ತದೆ. ಕೈ ಎರಡೂ ಮೇಲೆತ್ತಿ ತಲೆ ತೂರಿಸಿದೆ. ಉಳಿದದ್ದನ್ನು ಅದೇ ಮಾಡಿತು. ಸರ್ರನೆ ಇಳಿದು ಮೈಮೇಲೆ ಕೂತಿತು. ಮೊದಲ ನಿಮಿಷ ಮಜಾ ಅನಿಸಿತು. ಐದನೇ ನಿಮಿಷಕ್ಕೆ ಎರಡೂ ಭುಜದ ಮೇಲೆ ಒಂದೊಂದು ಮಗು ಕೂತ ಹಾಗೆ.

ಗೆಳೆಯ ನಕ್ಕು, ಚರ್ಮದ ಬೆಲ್ಟ್ ಒಂದನ್ನು ತಂದ. ಅಂಗಿಯನ್ನು ಸೊಂಟದ ಹತ್ತಿರ ಎರಡು ಇಂಚು ಮೇಲೆ ಎತ್ತಿ ಹಿಡಿ ಅಂದ. ಹಾಗೇ ಹಿಡಿದಿರುವಾಗ ಬೆಲ್ಟ್ ಬಿಗಿದ. ಕೈ ಬಿಟ್ಟೆ. ಅಂಗಿ ಅರ್ಧಕ್ಕರ್ಧ ಹಗುರವಾದ ಹಾಗಾಯಿತು! ತೂಕ ಎಲ್ಲೂ ಹೋಗಿರಲಿಲ್ಲ. ಭುಜದಿಂದ ಇಳಿದು ಸೊಂಟದ ಮೇಲೆ ಕೂತಿತ್ತು ಅಷ್ಟೆ.

ನನಗೆ ತಟ್ಟನೆ ಕುಮಾರಪರ್ವತ ನೆನಪಾಯಿತು. ಕಾಲೇಜಿನಲ್ಲಿದ್ದಾಗ ಸ್ಕೂಲ್ ಬ್ಯಾಗಿಗೇ ಬಟ್ಟೆ, ನೀರು, ಚಪಾತಿ ತುಂಬಿಕೊಂಡು ಕುಕ್ಕೆಯಿಂದ ಹತ್ತಿದ್ದೆ. ಭಟ್ಟರ ಮನೆ ಮುಟ್ಟುವಷ್ಟರಲ್ಲಿ ಕುತ್ತಿಗೆ ಕಲ್ಲಾಗಿತ್ತು. ಮುಂದೆ ಸರಿಯಾದ ಟ್ರೆಕ್ಕಿಂಗ್ ಬ್ಯಾಗು, ಸೊಂಟದ ಪಟ್ಟಿ ಇರುವಂಥದ್ದು, ಹಾಕಿಕೊಂಡು ಅದೇ ಬೆಟ್ಟ ಹತ್ತಿದಾಗ ಹೊತ್ತದ್ದು ಇನ್ನೂ ಜಾಸ್ತಿ, ನೋವು ಮಾತ್ರ ಇಲ್ಲ. ನನ್ನ ಮಾವ ಇದನ್ನು ಬೇರೆ ರೀತಿ ಹೇಳುತ್ತಿದ್ದರು. ಅವರು ಯಕ್ಷಗಾನ ಮೇಳದಲ್ಲಿ ಪುಂಡು ವೇಷ ಮಾಡುತ್ತಿದ್ದವರು. ಚೌಕಿಯಲ್ಲಿ ನಿಂತು ಎದೆಕಟ್ಟು, ಭುಜಕೀರ್ತಿ, ಡಾಬು ಎಲ್ಲ ಒಂದೊಂದಾಗಿ ಕಟ್ಟಿಸಿಕೊಳ್ಳುವಾಗ, "ಕಟ್ಟು ಸರಿ ಕೂತ್ರೆ ಭಾರ ಉಂಟಂತ ಗೊತ್ತೇ ಆಗುದಿಲ್ಲ. ಸಡಿಲ ಆಯ್ತಾ, ಬೆಳಗ್ಗಿನವರೆಗೆ ಅದನ್ನೇ ಹೊತ್ಕೊಂಡು ಕುಣೀಬೇಕು" ಅನ್ನುತ್ತಿದ್ದರು. ಬೆಲ್ಟ್ ಬಿಗಿದ ಆ ಇಂಗ್ಲಿಷಿನವನಿಗೆ ಮಾವನ ಪರಿಚಯ ಮಾಡಿಸಬೇಕಿತ್ತು.

ಉಂಗುರದಂಗಿಯ ಈ ಭುಜದ ನೋವಿಗೆ ಯುರೋಪಿನ ಕಮ್ಮಾರರು ನಿಧಾನಕ್ಕೆ ಉತ್ತರ ಕಂಡುಕೊಂಡರು. 14ನೇ ಶತಮಾನದಲ್ಲಿ ಎದೆ, ಮೊಣಕಾಲು, ತೋಳುಗಳಿಗೆ ತಗಡು ಬಂತು. 15ನೇ ಶತಮಾನದ ಹೊತ್ತಿಗೆ ಮಿಲಾನ್, ಆಗ್ಸ್‌ಬರ್ಗ್‌ನಂಥ ಊರುಗಳಲ್ಲಿ ಇಡೀ ಮೈಯನ್ನು ಮುಚ್ಚುವ ತಗಡಿನ ಕವಚ ತಯಾರಾಗತೊಡಗಿತು. ನಾವು ಸಿನಿಮಾದಲ್ಲಿ ನೋಡುವ, ಲಟಪಟ ಸದ್ದು ಮಾಡುವ ಆ ಉಕ್ಕಿನ ಮನುಷ್ಯ. ಅವನ ಬಗ್ಗೆ ನಮಗೆಲ್ಲ ಒಂದು ಕಥೆ ಗೊತ್ತು. ಬಿದ್ದರೆ ಮಗುಚಿದ ಆಮೆಯ ಹಾಗೆ ಏಳಲಾರ, ಕುದುರೆ ಹತ್ತಿಸಬೇಕಾದರೆ ರಾಟೆಯಿಂದ ಎತ್ತಬೇಕು ಅಂತ. 1944ರ ಒಂದು ಇಂಗ್ಲಿಷ್ ಸಿನಿಮಾದಲ್ಲಿ ಹಾಗೆ ಎತ್ತಿ ಕೂರಿಸುವ ದೃಶ್ಯವೇ ಇದೆ. ಅದು ಶುದ್ಧ ಸುಳ್ಳು.

ಯುದ್ಧಕ್ಕೆ ತೊಡುತ್ತಿದ್ದ ಪೂರ್ತಿ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕೆಜಿ. ಈಗಿನ ಸೈನಿಕ ಬೆನ್ನಿಗೆ, ಎದೆಗೆ ಹೊರುವುದು ಅದಕ್ಕಿಂತ ಕಡಿಮೆ ಏನಲ್ಲ. ತಪ್ಪು ತಿಳಿವಳಿಕೆ ಬಂದದ್ದು ಪಂದ್ಯದ ಕವಚದಿಂದ ಇರಬೇಕು. ಕುದುರೆ ಮೇಲೆ ಕೂತು ಭರ್ಜಿ ಹಿಡಿದು ಎದುರುಬದುರು ನುಗ್ಗುವ ಆಟಕ್ಕೆ ಬೇರೆಯೇ ಕವಚ ಇತ್ತು. 40 ಕೆಜಿಯೂ ದಾಟುತ್ತಿತ್ತು. ಅದರಲ್ಲಿ ಓಡುವುದಿಲ್ಲ, ಬಗ್ಗುವುದಿಲ್ಲ. ಕೆಲವು ನಿಮಿಷ ಕುದುರೆ ಮೇಲೆ ಗಟ್ಟಿಯಾಗಿ ಕೂರುವುದು, ಅಷ್ಟೇ ಕೆಲಸ. ಮ್ಯೂಸಿಯಂನಲ್ಲಿ ಅದನ್ನು ನೋಡಿ ಇಡೀ ಕಾಲದ ಯೋಧರನ್ನು ಅಳೆಯುವುದೆಂದರೆ ಬಣ್ಣದ ವೇಷದ ದೊಡ್ಡ ಕಿರೀಟ ನೋಡಿ ಯಕ್ಷಗಾನದವರು ಯಾರೂ ಹಾರಲಾರರು ಎಂದ ಹಾಗೆ.

ಹಾರುವವರು ಇದ್ದರು. ಫ್ರಾನ್ಸಿನ ಸೇನಾಧಿಪತಿ ಬೂಸಿಕೋ ಅಂಥವನು. ಅವನು ಬದುಕಿದ್ದಾಗಲೇ ಬರೆದ ಚರಿತ್ರೆಯಲ್ಲಿ ಅವನ ಕಸರತ್ತಿನ ಪಟ್ಟಿ ಇದೆ. ತಲೆಯ ಶಿರಸ್ತ್ರಾಣ ಒಂದನ್ನು ಬಿಟ್ಟು ಉಳಿದೆಲ್ಲ ಕವಚ ತೊಟ್ಟು ಪಲ್ಟಿ ಹೊಡೆಯುತ್ತಿದ್ದ. ಗೋಡೆಗೆ ಒರಗಿಸಿದ ಏಣಿಯ ಒಳಮಗ್ಗುಲಲ್ಲಿ ಕಾಲು ತಾಗಿಸದೆ, ಬರೀ ಕೈಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತಿದ್ದ. ಓದುವಾಗ ನನಗೆ ಕಂಡದ್ದು ರಂಗಸ್ಥಳದಲ್ಲಿ ಚಂಡೆ ಪೆಟ್ಟಿಗೆ ಸುತ್ತು ಸುತ್ತು ದಿಗಿಣ ಹಾಕುತ್ತಿದ್ದ ಮಾವ. ಹೊಗಳುಭಟರ ಉತ್ಪ್ರೇಕ್ಷೆ ಸ್ವಲ್ಪ ಕಳೆಯೋಣ. ಆದರೂ ಈಚೆಗೆ ಅದೇ ಮಾದರಿಯ ಕವಚ ಮಾಡಿಸಿಕೊಂಡು ಏಣಿ ಹತ್ತಿ, ಉರುಳಿ, ಎದ್ದು ತೋರಿಸಿದವರಿದ್ದಾರೆ. ನನ್ನ ಗೆಳೆಯ ನನ್ನ ಕಣ್ಣೆದುರೇ ಹುಲ್ಲಿನ ಮೇಲೆ ಅಂಗಾತ ಮಲಗಿ, ಕೈ ಊರದೆ ಎದ್ದ. ಎದ್ದ ಮೇಲೆ ಸ್ವಲ್ಪ ಕೆಮ್ಮಿದ.

ಹತ್ತಿರದಿಂದ ನೋಡಿದರೆ ಗುಟ್ಟು ಕಾಣುತ್ತದೆ. ಭುಜದ ತಗಡು ಒಂದೇ ತುಂಡಲ್ಲ. ಸಿಗಡಿಯ ಬೆನ್ನಿನ ಹಾಗೆ, ಒಂದರ ಮೇಲೊಂದು ಹೊಂದಿಕೊಂಡ ಪಟ್ಟಿಗಳು. ಒಳಗಡೆ ಚರ್ಮದ ಪಟ್ಟಿಗೆ ಅವನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಕೆಲವು ಕಡೆ ಮೊಳೆಯ ತೂತು ಉದ್ದಕ್ಕೆ ಇರುತ್ತದೆ. ತೋಳು ಎತ್ತಿದಾಗ ಮೊಳೆ ಆ ತೂತಿನಲ್ಲಿ ಜಾರುತ್ತದೆ, ಪಟ್ಟಿಗಳು ಒಂದರೊಳಗೊಂದು ಸೇರುತ್ತವೆ. ತೋಳು ಇಳಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ತಗಡಿನ ದಪ್ಪವೂ ಎಲ್ಲ ಕಡೆ ಒಂದೇ ಇಲ್ಲ. ಎದೆಯ ನಡುವೆ ದಪ್ಪ, ಅಂಚಿಗೆ ಬರುತ್ತಾ ತೆಳು, ಬೆನ್ನಿಗೆ ಇನ್ನೂ ತೆಳು. ಪೆಟ್ಟು ಬೀಳುವ ಜಾಗಕ್ಕೆ ಉಕ್ಕು, ಬೀಳದ ಜಾಗದಲ್ಲಿ ಉಳಿತಾಯ. ಎದೆಗವಚದ ಸೊಂಟ ಮಾತ್ರ ಯಾವಾಗಲೂ ಸಣ್ಣ. ಚಂದಕ್ಕೆ ಅಂದುಕೊಂಡಿದ್ದೆ. ಚಂದಕ್ಕೂ ಹೌದು. ಆದರೆ ಅಲ್ಲೇ ಅದು ಸೊಂಟದ ಮೂಳೆಗಿಂತ ಮೇಲೆ, ಮೈ ಸಣ್ಣದಾಗುವ ಜಾಗದಲ್ಲಿ ಕಚ್ಚಿ ಕೂರುವುದು. ಆ ಬೆಲ್ಟ್ ಮಾಡಿದ ಕೆಲಸವನ್ನು ಇಲ್ಲಿ ಉಕ್ಕಿನ ಆಕಾರವೇ ಮಾಡುತ್ತದೆ.

ಇದನ್ನೆಲ್ಲ ಓದುವಾಗ ನನಗೆ ತುಂಬಾ ಇಷ್ಟವಾದದ್ದು 15ನೇ ಶತಮಾನದ ಇಂಗ್ಲಿಷಿನ ಒಂದು ಪುಟ್ಟ ಟಿಪ್ಪಣಿ. ಅದರ ತಲೆಬರಹದ ಅರ್ಥ ಹೆಚ್ಚುಕಡಿಮೆ ಹೀಗೆ: ನೆಲದ ಮೇಲೆ ನಿಂತು ಕಾದುವವನು ಆರಾಮವಾಗಿ ಕವಚ ತೊಡುವುದು ಹೇಗೆ. ಆರಾಮವಾಗಿ! ಯಾರೋ ಕೊಲ್ಲಲು ಬರುತ್ತಿದ್ದಾನೆ, ಇಲ್ಲಿ ಆರಾಮದ ಚಿಂತೆ. ಬರೆದವನು ಅನುಭವಸ್ಥ ಅನ್ನುವುದು ಎರಡೇ ಸಾಲಿಗೆ ತಿಳಿಯುತ್ತದೆ. ಒಳಗೆ ಬೇರೆ ಶರ್ಟು ಹಾಕಬೇಡ ಅನ್ನುತ್ತಾನೆ. ದಪ್ಪ ಬಟ್ಟೆಯ ಒಂದೇ ಒಳಂಗಿ ಸಾಕು, ಅದಕ್ಕೆ ಸ್ಯಾಟಿನ್ ಅಸ್ತರಿ ಇರಲಿ, ತುಂಬಾ ತೂತು ಕತ್ತರಿಸಿರಲಿ. ಕವಚದ ತುಂಡುಗಳನ್ನು ಆ ಒಳಂಗಿಗೆ ಕಟ್ಟುವ ದಾರ ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ಗಟ್ಟಿ ನೂಲಿನದು. ಅದಕ್ಕೆ ಚಪ್ಪಲಿ ಹೊಲಿಯುವವರು ಹಚ್ಚುವ ಮೇಣ ತಿಕ್ಕಿರಬೇಕು, ಆಗ ದಾರ ಹಿಗ್ಗುವುದೂ ಇಲ್ಲ, ತುಂಡಾಗುವುದೂ ಇಲ್ಲ. ಮೊಣಕಾಲಿಗೆ ತೆಳು ಕಂಬಳಿಯ ತುಂಡು ಸುತ್ತು, ಇಲ್ಲದಿದ್ದರೆ ಕಾಲಿನ ತಗಡು ಉಜ್ಜುತ್ತದೆ. ಶೂ ಜಾರದ ಹಾಗೆ ಅಡಿಗೆ ಗಂಟು ಹಾಕಿದ ಹುರಿ ಹೊಲಿಸು.

ಕಂಬಳಿಯ ತುಂಡು ಸುತ್ತು ಎನ್ನುವ ಮಾತು ಓದಿದಾಗ ಆರುನೂರು ವರ್ಷ ಹಿಂದಿನವನೊಬ್ಬ ತನ್ನ ಕೆರೆದ ಮೊಣಕಾಲು ತೋರಿಸಿದ ಹಾಗಾಯಿತು. ಯುದ್ಧದ ಚಿತ್ರಗಳಲ್ಲಿ ಇದು ಬರುವುದಿಲ್ಲ.

ಆ ಭಾನುವಾರ ನನಗೆ ಕಂಬಳಿ ಸಿಗಲಿಲ್ಲ. ಎದೆ, ಬೆನ್ನು, ತೋಳು, ಕಾಲು ಎಲ್ಲ ಬೇರೆಯವನದು. ಅವನು ನನಗಿಂತ ನಾಲ್ಕು ಇಂಚು ಎತ್ತರ. ಕಟ್ಟಲಿಕ್ಕೆ ಇಬ್ಬರು ಬೇಕಾಯಿತು, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ. ವಿರಾಟಪರ್ವದಲ್ಲಿ ಬೃಹನ್ನಳೆ ಕವಚವನ್ನು ತಲೆಕೆಳಗೆ ಮಾಡಿ ತೊಡಲು ಹೋಗಿ ಅಂತಃಪುರದ ಹುಡುಗಿಯರನ್ನು ನಗಿಸುತ್ತಾನಲ್ಲ, ಅವನಿಗಾದರೂ ಅದು ನಾಟಕ. ನನಗೆ ನಿಜವಾಗಿಯೂ ಎಡಗಾಲಿನದು ಯಾವುದು, ಬಲಗಾಲಿನದು ಯಾವುದು ಅಂತ ಗೊತ್ತಾಗಲಿಲ್ಲ. ಮೀನಖಂಡದ ತಗಡು ಒಂದೇ ಬೆರಳಿನಷ್ಟು ಉದ್ದ ಜಾಸ್ತಿ ಇತ್ತು. ನಿಂತಾಗ ಏನೂ ಇಲ್ಲ. ನಡೆದಾಗ ಪ್ರತಿ ಹೆಜ್ಜೆಗೂ ಅದರ ಅಂಚು ಪಾದದ ಮೇಲೆ ಕುಟುಕುತ್ತಿತ್ತು. ಕವಚವನ್ನು ಮೈ ಅಳತೆಗೇ ಮಾಡಿಸಬೇಕು, ಅದು ಶ್ರೀಮಂತರ ವಸ್ತು ಅಂತ ಪುಸ್ತಕದಲ್ಲಿ ಓದಿದ್ದು ಆಗ ಕಾಲಿಗೆ ಅರ್ಥವಾಯಿತು. ರಣರಂಗದಲ್ಲಿ ಸತ್ತವನ ಕವಚ ಬಿಚ್ಚಿ ತೊಟ್ಟ ಬಡ ಸೈನಿಕನಿಗೆ ಈ ಕುಟುಕು ದಿನಾ ಇದ್ದಿರಬೇಕು.

ಆದರೂ ಒಪ್ಪಿಕೊಳ್ಳಬೇಕು, ಭುಜ ನೋಯಲಿಲ್ಲ. ಕೈ ಎತ್ತಿದೆ, ಕೂತೆ, ಎದ್ದೆ, ಶೂ ಮುಟ್ಟಲು ಬಗ್ಗಿದೆ. ಎಲ್ಲ ಆಯಿತು. ಇಷ್ಟೇನಾ ಅಂದುಕೊಂಡು ಮೈದಾನದ ಆ ಕಡೆಯ ದಿಬ್ಬ ಹತ್ತಲು ಹೊರಟೆ. ನಮ್ಮ ಮನೆಯ ಗುಡ್ಡದ ಅರ್ಧವೂ ಇಲ್ಲ. ಮೇಲೆ ಮುಟ್ಟುವಾಗ ನಾಯಿಯ ಹಾಗೆ ಏದುಸಿರು.

ಯಾಕೆ ಅಂತ ಲೀಡ್ಸ್‌ನಲ್ಲೇ ಉತ್ತರ ಸಿಕ್ಕಿತು. ಅಲ್ಲಿನ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಅವರ ಜೊತೆಯವರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿ ಕವಚ ತೊಟ್ಟು ಕಾದಾಡಿ ಅಭ್ಯಾಸವಿದ್ದವರಿಗೆ 15ನೇ ಶತಮಾನದ ಮಾದರಿಯ ಕವಚ ತೊಡಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಓಡಿಸಿದರು. ಕವಚಗಳು ಸ್ವಲ್ಪ ಭಾರದವೇ, 30ರಿಂದ 50 ಕೆಜಿ. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟು ದಾಟಿತು. ಓಡಲು ಸುಮಾರು 1.9 ಪಟ್ಟು. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿತ್ತು. ಅಷ್ಟೇ ತೂಕವನ್ನು ಬೆನ್ನಿನ ಬ್ಯಾಗಿನಲ್ಲಿ ಹೊತ್ತರೆ ಇಷ್ಟು ಸುಸ್ತು ಆಗುವುದಿಲ್ಲ.

ಇಲ್ಲಿ ನಾನು ಸ್ವಲ್ಪ ಹೊತ್ತು ಪೆದ್ದನ ಹಾಗೆ ಕೂತೆ. ತೂಕವನ್ನು ಮೈತುಂಬ ಹಂಚಿದ್ದಕ್ಕೇ ಕವಚ ಹಿತ ಅಂತ ಇಷ್ಟು ಹೊತ್ತು ಹೇಳಿದೆನಲ್ಲ. ಈಗ ಆ ಹಂಚಿಕೆಯೇ ಸುಸ್ತಿಗೆ ಕಾರಣ ಅಂದರೆ? ಯೋಚಿಸಿದರೆ ಎರಡೂ ನಿಜ. ಬೆನ್ನಿನ ಮೇಲಿನ ಬ್ಯಾಗು ಸುಮ್ಮನೆ ಕೂತು ಬರುತ್ತದೆ. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಬೇಕು, ಮುಂದೆ ಬೀಸಬೇಕು, ಇಡಬೇಕು. ಕಾಲಿನ ತಗಡುಗಳೇ 7ರಿಂದ 8 ಕೆಜಿ. ಗದ್ದೆಯ ಕೆಸರಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ? ಪಾದಕ್ಕೆ ಹಿಡಿದ ಒಂದು ಕೆಜಿ ಮಣ್ಣು ಬೆನ್ನ ಮೇಲಿನ ಐದು ಕೆಜಿ ಅಕ್ಕಿಗಿಂತ ದಣಿಸುತ್ತದೆ. ನಿಂತಾಗ ಹಿತ ಕೊಡುವ ಅಂಗಿ ನಡೆದಾಗ ಬೆವರು ಕೇಳುತ್ತದೆ. ನಮ್ಮ ಹಳೆಯ ವಾದಗಳೆಲ್ಲ, ಕವಚ ಹಗುರವೋ ಭಾರವೋ ಅನ್ನುವವೆಲ್ಲ, ಈ ಎರಡನ್ನು ಒಂದೇ ಅಂದುಕೊಂಡದ್ದರಿಂದ ಹುಟ್ಟಿದವು ಅಂತ ನನಗನಿಸುತ್ತದೆ. ಕೈಕಾಲು ಆಡಿಸಲು ಕವಚ ಬಿಡುತ್ತದೆ. ಆಡಿಸಿದ್ದಕ್ಕೆ ಬಾಡಿಗೆ ವಸೂಲಿ ಮಾಡುತ್ತದೆ.

ಬಾಡಿಗೆ ಕೊಡುವುದು ಉಸಿರಿನಲ್ಲಿ. ಅದೂ ಸಲೀಸಲ್ಲ. ಎದೆಯ ಸುತ್ತ ತಗಡು ಇರುವಾಗ ಎದೆ ಪೂರ್ತಿ ಹಿಗ್ಗುವುದಿಲ್ಲ. ಟ್ರೆಡ್‌ಮಿಲ್ ಮೇಲೆ ಓಡಿದವರು ಆಳವಾಗಿ ಉಸಿರೆಳೆಯಲಾಗದೆ ಮೇಲಿಂದ ಮೇಲೆ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಿದ್ದರಂತೆ. ತಲೆಗೆ ಶಿರಸ್ತ್ರಾಣ, ಮುಖಕ್ಕೆ ಮುಚ್ಚಳ ಬಿದ್ದರೆ ಕಥೆ ಮುಗಿಯಿತು. ನನಗೆ ಒಂದೇ ನಿಮಿಷ ಹಾಕಿದ್ದರು. ಕಣ್ಣಿನೆದುರು ಒಂದು ಸೀಳು. ಅದರಲ್ಲಿ ಗೆಳೆಯನ ಎದೆ ಮಾತ್ರ ಕಾಣುತ್ತಿತ್ತು, ಕಾಲು ಎಲ್ಲಿದೆ ಗೊತ್ತಿಲ್ಲ. ನನ್ನದೇ ಉಸಿರು ಬಿಸಿಯಾಗಿ ಮುಖಕ್ಕೆ ವಾಪಸ್ ಬರುತ್ತಿತ್ತು. ಹೊರಗೆ 14 ಡಿಗ್ರಿ. ಒಳಗೆ ಮಂಗಳೂರಿನ ಏಪ್ರಿಲ್.

1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲಿಷರ ಎದುರು ಕಾದಿದ ಫ್ರೆಂಚರಿಗೆ ಆದದ್ದು ಇದೇ. ರಾತ್ರಿಯಿಡೀ ಮಳೆ. ಆಗಷ್ಟೇ ಉತ್ತ ಹೊಲ. ಬಾಣಕ್ಕೆ ಹೆದರಿ ಮುಖದ ಮುಚ್ಚಳ ಹಾಕಿ, ತಲೆ ತಗ್ಗಿಸಿ, ಉಕ್ಕಿನ ಕಾಲುಗಳನ್ನು ಕೆಸರಿನಿಂದ ಕಿತ್ತು ಕಿತ್ತು ನಡೆದು ಹೋದರು. ಇಂಗ್ಲಿಷರ ಸಾಲು ಮುಟ್ಟುವಾಗ ಅರ್ಧ ಜೀವ. ಬಿದ್ದವರ ಮೇಲೆ ಹಿಂದಿನವರು ಬಿದ್ದರು, ಕೆಳಗಿದ್ದವರು ಉಸಿರು ಕಟ್ಟಿ ಸತ್ತರು. ಇಂಗ್ಲಿಷ್ ಬಿಲ್ಲುಗಾರರ ಮೈಮೇಲೆ ಕವಚ ಕಡಿಮೆ, ಕಾಲು ಹಗುರ. ಅವರು ಸುತ್ತಿಗೆ ಹಿಡಿದು ಇವರ ನಡುವೆ ಓಡಾಡಿದರು. ಪಲ್ಟಿ ಹೊಡೆಯುತ್ತಿದ್ದ ಬೂಸಿಕೋ ಕೂಡ ಅಂದು ಸೆರೆ ಸಿಕ್ಕ. ಬಿಡುಗಡೆಯಾಗಲೇ ಇಲ್ಲ. 1421ರಲ್ಲಿ ಸತ್ತದ್ದು ಯಾರ್ಕ್‌ಷೈರಿನಲ್ಲಿ, ಅಂದರೆ ನಾನು ಬಾಡಿಗೆ ಮನೆ ಮಾಡಿದ್ದ ಸೀಮೆಯಲ್ಲೇ.

ಮುಚ್ಚಳ ತೆಗೆದರೆ ಉಸಿರು ಸಿಗುತ್ತದೆ, ಬಾಣವೂ ಸಿಗುತ್ತದೆ. ಮುಂದೆ ಅಜಿನ್‌ಕೋರ್ಟ್ ಗೆದ್ದ ಇಂಗ್ಲೆಂಡಿನ ದೊರೆ ಐದನೇ ಹೆನ್ರಿಗೇ 16ರ ವಯಸ್ಸಿನಲ್ಲಿ, 1403ರ ಶ್ರೂಸ್‌ಬರಿ ಯುದ್ಧದಲ್ಲಿ, ಮುಖಕ್ಕೆ ಬಾಣ ನಾಟಿತ್ತು. ಲೀಡ್ಸ್‌ನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಟೌಟನ್ ಅಂತ ಊರಿದೆ. 1461ರ ಮಾರ್ಚಿನಲ್ಲಿ ಹಿಮ ಬೀಳುತ್ತಿರುವಾಗ ಅಲ್ಲಿ ಘೋರ ಯುದ್ಧ ನಡೆಯಿತು. ಲಾರ್ಡ್ ಡೇಕರ್ ಎಂಬವನು ಬಾಯಾರಿ, ಶಿರಸ್ತ್ರಾಣ ತೆಗೆದು ನೀರು ಕುಡಿಯುತ್ತಿದ್ದಾಗ ಬಾಣ ಬಿದ್ದು ಸತ್ತ ಅಂತ ಅಲ್ಲಿಯವರು ಹೇಳುತ್ತಾರೆ. ಹಿಮ ಬೀಳುವಾಗ, ನೆನಪಿರಲಿ. ಅಷ್ಟು ಚಳಿಯಲ್ಲೂ ಆ ಅಂಗಿಯೊಳಗೆ ಅಷ್ಟು ಬಾಯಾರಿಕೆ.

ಹಾಗಾದರೆ ನಮ್ಮ ಬಿಸಿಲಿಗೆ?

ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ಜೋಡು ಅನ್ನುತ್ತಾರೆ, ಶಿರಸ್ತ್ರಾಣಕ್ಕೆ ಸೀಸಕ. ಈಗ ಬಯಲುಸೀಮೆಯಲ್ಲಿ ಜೋಡು ಅಂದರೆ ಕಾಲಿಗೆ ಹಾಕುವುದು, ಇರಲಿ. ವಿಜಯನಗರದ ಜೋಡು ಹೇಗಿತ್ತು ಅಂತ 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಕೃಷ್ಣದೇವರಾಯನ ಸೇನೆಯ ಪರಿಶೀಲನೆಯಲ್ಲಿ ಅವನು ಕಂಡ ಸವಾರರ ಅಂಗಿಗಳು ಗಟ್ಟಿ ಹಸಿ ಚರ್ಮದ ಪದರಗಳವು, ಅಲ್ಲಲ್ಲಿ ಕಬ್ಬಿಣದ ತಗಡು ಸೇರಿಸಿದವು, ಮೇಲೆ ಮಖಮಲ್ಲು ಜರತಾರಿ. ಕೊರಳಪಟ್ಟಿಗಳು ಕೆಲವು ಕನ್ನಡಿಯ ಹಾಗೆ ಹೊಳೆಯುವ ಉಕ್ಕಿನವು. ಅವನ ನಂತರ ಬರೆದ ಕುದುರೆ ವ್ಯಾಪಾರಿ ನುನಿಜ್ ರಾಯಚೂರಿಗೆ ಹೊರಟ ದಂಡಿನ ಬಗ್ಗೆ ಹೇಳುವಾಗ ಹತ್ತಿ ತುಂಬಿ ಹೊಲಿದ ಅಂಗಿ, ಹತ್ತಿ ತುಂಬಿದ ಶಿರಸ್ತ್ರಾಣಗಳನ್ನು ಕಾಣಿಸುತ್ತಾನೆ.

ಹತ್ತಿ ಅಂದ ತಕ್ಷಣ ಹಗುರ, ತಂಪು ಅಂದುಕೊಳ್ಳಬೇಡಿ. ಪದರ ಪದರವಾಗಿ ಹೊಲಿದ ಹತ್ತಿ ಎಂದರೆ ಕೌದಿ. ಬಾಣದ ಕಸುವನ್ನು ಅದು ಹೀರುತ್ತದೆ, ಬೆವರನ್ನೂ ಹೀರುತ್ತದೆ, ಹೀರಿದಷ್ಟೂ ತೂಗುತ್ತದೆ. ಒಳ್ಳೆಯದೇನೆಂದರೆ ಬಗ್ಗುತ್ತದೆ, ಉಜ್ಜುವುದಿಲ್ಲ, ಬಿಸಿಲಿಗೆ ಕಾದ ಕಾವಲಿಯ ಹಾಗೆ ಚುರುಕ್ಕೆನ್ನುವುದಿಲ್ಲ, ಊರಿನ ದರ್ಜಿಯೇ ಹೊಲಿಯಬಹುದು. ಆದರೂ ರಾಯಚೂರಿನ ಯುದ್ಧ ನಡೆದದ್ದು 1520ರ ಮೇ ತಿಂಗಳಲ್ಲಿ. ಮೇಯಲ್ಲಿ ರಾಯಚೂರಿಗೆ ಹೋದವರು ಕೈ ಎತ್ತಿ. 40 ಡಿಗ್ರಿ ದಾಟಿದ ಬಯಲಲ್ಲಿ ಕೌದಿ ಸುತ್ತಿಕೊಂಡು ಕುದುರೆ ಮೇಲೆ ಕೂತು, ತಲೆಗೆ ಇನ್ನೊಂದು ಸಣ್ಣ ಕೌದಿ ಇಟ್ಟುಕೊಂಡವನನ್ನು ಯೋಚಿಸಿ ನೋಡಿ.

ಎರಡನೇ ಭಾನುವಾರವೂ ನಾನು ಹೋದೆ. ನನ್ನ ಅಳತೆಯ ಕವಚ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೆ ನನಗೆ ನೀರಿನ ಕೆಲಸ ಕೊಟ್ಟರು. ಆ ಆಟದಲ್ಲಿ ಅದು ದೊಡ್ಡ ಹುದ್ದೆ. ಉದ್ದದ ಸ್ಟ್ರಾ ಸಿಕ್ಕಿಸಿದ ನೀಲಿ ಬಾಟಲಿ ಹಿಡಿದು ಸಾಲಿನ ಹಿಂದೆ ಓಡಾಡಬೇಕು. ಯಾರಾದರೂ ಕೈ ಎತ್ತಿದರೆ ಮುಖದ ಸೀಳಿನೊಳಗೆ ಸ್ಟ್ರಾ ತೂರಿಸಬೇಕು. ಒಳಗಿನಿಂದ ಸೊರಸೊರ ಸದ್ದು ಬರುತ್ತದೆ. ಮನುಷ್ಯನ ಮುಖ ಕಾಣುವುದಿಲ್ಲ, ಬಾಟಲಿಯಲ್ಲಿ ನೀರು ಇಳಿಯುವುದು ಮಾತ್ರ ಕಾಣುತ್ತದೆ. ಮಧ್ಯಾಹ್ನದೊಳಗೆ ಎಷ್ಟು ಸಲ ನಲ್ಲಿಗೆ ಹೋಗಿ ಬಂದೆನೋ ಲೆಕ್ಕ ಇಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ನುನಿಜನ ಬರಹ ಮತ್ತೆ ತೆಗೆದೆ. ರಾಯಚೂರಿಗೆ ಹೊರಟ ದಂಡಿನಲ್ಲಿ ಆನೆ ಎಷ್ಟು, ಕುದುರೆ ಎಷ್ಟು, ಅಗಸರು, ವ್ಯಾಪಾರಿಗಳು ಅಂತ ಬರೆಯುತ್ತಾ ಹೋಗುತ್ತಾನೆ. ಆ ಪಟ್ಟಿಯ ಮಧ್ಯೆ ಚರ್ಮದ ಚೀಲದಲ್ಲಿ ನೀರು ಹೊತ್ತ ಹತ್ತು ಹನ್ನೆರಡು ಸಾವಿರ ಜನ ಬರುತ್ತಾರೆ. ನೀರು ತಂದುಕೊಡುವವರು ಯಾರೂ ಇಲ್ಲದವರು ಬಾಯಾರಿ ಸಾಯಬಾರದು ಅಂತ ದಾರಿಯುದ್ದಕ್ಕೂ ಅವರನ್ನು ನಿಲ್ಲಿಸಿದ್ದರಂತೆ. ಮೊದಲ ಸಲ ಓದಿದಾಗ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ.